ಇಂಗಾಲ-13 ಎನ್‌ಎಂಆರ್ ರೋಹಿತದರ್ಶನ

ಸಾವಯವ ಅಣುವೊಂದರಲ್ಲಿ ಎಷ್ಟು ಬಗೆಯ ಇಂಗಾಲ ಪರಮಾಣುಗಳಿವೆ, ಒಂದೊಂದೂ ಯಾವ ಪರಮಾಣುಗಳ ನೆರೆಯಲ್ಲಿದೆ ಎಂಬುದನ್ನು ಅಣುವನ್ನು ಒಡೆಯದೆ ತಿಳಿಸುವ ವಿಶ್ಲೇಷಣಾ ವಿಧಾನ. ಬೈಜಿಕ ಕಾಂತೀಯ ಅನುರಣನ ಎಂಬ ಭೌತ ವಿದ್ಯಮಾನ ಇದರ ತಳಹದಿ. ಎನ್‌ಎಂಆರ್ ಎಂಬುದು ಅದರ ಬಳಕೆಯ ಹೆಸರು. ಸಾವಯವ ಸಂಯುಕ್ತಗಳ ಹಂದರವೇ ಇಂಗಾಲದ್ದಾದ್ದರಿಂದ ಹಂದರವನ್ನು ನೇರವಾಗಿ ಕಾಣಿಸುವ ಈ ವಿಧಾನ 1970ರ ದಶಕದಿಂದೀಚೆಗೆ ರಸಾಯನ ಪ್ರಯೋಗಾಲಯಗಳ ನಿತ್ಯದ ಸಾಧನವಾಗಿದೆ.

ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಅನ್ನು ಫೋಗೆಲ್ ಮತ್ತು ಪೆಲೆಟಿಯೆ ಬೇರ್ಪಡಿಸಿದ್ದು 1815ರಲ್ಲಿ. ಅದರ ರಚನೆಯನ್ನು ಮಿಲೊಬೆಂಡ್ಸ್‌ಕಾ, ಕೊಸ್ಟಾನೆಟ್ಸ್‌ಕಿ ಮತ್ತು ಲಾಂಪೆ ಪ್ರಕಟಿಸಿದ್ದು 1910ರಲ್ಲಿ. ನಡುವೆ ಕಳೆದದ್ದು 95 ವರ್ಷ. ಅಣುವನ್ನು ಆಮ್ಲ, ಕ್ಷಾರಗಳಿಂದ ತುಂಡರಿಸಿ ಆ ತುಂಡುಗಳಿಂದ ಇಡೀ ರಚನೆಯನ್ನು ಊಹಿಸಬೇಕಾಗಿದ್ದ ಕಾಲ ಅದು. ಇಂದು ಅದೇ ಕೆಲಸಕ್ಕೆ ಕೆಲವು ಮಿಲಿಗ್ರಾಂ ಶುದ್ಧ ವಸ್ತು, ಒಂದು ಗಾಜಿನ ಕೊಳವೆ ಮತ್ತು ಎನ್‌ಎಂಆರ್ ಯಂತ್ರದ ಕೆಲವು ಗಂಟೆ ಸಾಕು.

ತತ್ತ್ವ

ನಿಸರ್ಗದ ಇಂಗಾಲದಲ್ಲಿ ನೂರಕ್ಕೆ ಸುಮಾರು 98.9 ಪಾಲು ಇಂಗಾಲ-12. ಅದರ ಬೀಜಕ್ಕೆ ಸ್ಪಿನ್ ಇಲ್ಲ. ಹಾಗಾಗಿ ಅದು ಎನ್‌ಎಂಆರ್‌ಗೆ ಕಾಣುವುದಿಲ್ಲ. ಉಳಿದ ಸುಮಾರು 1.1 ಪಾಲು ಇಂಗಾಲ-13. ಇದರ ಬೀಜದ ಸ್ಪಿನ್ ಅರ್ಧ. ಪ್ರಬಲ ಕಾಂತಕ್ಷೇತ್ರದಲ್ಲಿ ಇಂಥ ಬೀಜಗಳು ಎರಡು ಶಕ್ತಿಮಟ್ಟಗಳಲ್ಲಿ ಹಂಚಿಕೊಳ್ಳುತ್ತವೆ. ಎರಡರ ಅಂತರಕ್ಕೆ ಸರಿಹೊಂದುವ ರೇಡಿಯೊ ಅಲೆ ಹಾಯಿಸಿದಾಗ ಬೀಜಗಳು ಅನುರಣಿಸಿ ಸಂಕೇತ ಕೊಡುತ್ತವೆ. 9.4 ಟೆಸ್ಲಾ ಕಾಂತದಲ್ಲಿ ಹೈಡ್ರೋಜನ್ ಬೀಜ ಅನುರಣಿಸುವುದು 400 ಮೆಗಾಹರ್ಟ್ಸ್‌ನಲ್ಲಿ, ಇಂಗಾಲ-13 ಸುಮಾರು 100 ಮೆಗಾಹರ್ಟ್ಸ್‌ನಲ್ಲಿ.

ಇಂಗಾಲ-13ರ ಕಾಂತಬಲ ಹೈಡ್ರೋಜನ್ನಿನ ಕಾಲು ಭಾಗ ಮಾತ್ರ, ಅದರ ಪ್ರಮಾಣವೂ ನೂರಕ್ಕೆ ಒಂದು. ಎರಡೂ ಸೇರಿ ಇಂಗಾಲದ ಸಂಕೇತವನ್ನು ಹೈಡ್ರೋಜನ್ ಸಂಕೇತಕ್ಕಿಂತ ಸುಮಾರು 5,700 ಪಟ್ಟು ದುರ್ಬಲಗೊಳಿಸುತ್ತವೆ. ವಿಧಾನದ ದೊಡ್ಡ ತೊಡಕು ಇದೇ. ಆದರೆ ರೋಹಿತದ ಸರಳತೆಯೂ ಈ ವಿರಳತೆಯಿಂದಲೇ ಬಂದದ್ದು. ಒಂದು ಅಣುವಿನಲ್ಲಿ ಎರಡು ಇಂಗಾಲ-13 ಬೀಜಗಳು ಅಕ್ಕಪಕ್ಕ ಕೂರುವ ಸಾಧ್ಯತೆ ತೀರಾ ಕಡಿಮೆ. ಹೀಗಾಗಿ ಇಂಗಾಲಗಳು ಒಂದರ ಸಂಕೇತವನ್ನು ಇನ್ನೊಂದು ಸೀಳುವುದಿಲ್ಲ. ಹೈಡ್ರೋಜನ್ ರೋಹಿತದಲ್ಲಿ ಒಂದರ ಮೇಲೊಂದು ಬಿದ್ದು ಗೋಜಲಾಗುವ ಗೆರೆಗಳು ಇಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಒಂದು ಬಗೆಯ ಇಂಗಾಲಕ್ಕೆ ಒಂದು ಗೆರೆ.

ಇತಿಹಾಸ

ಸ್ಟ್ಯಾನ್‌ಫರ್ಡಿನಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಹಾರ್ವರ್ಡಿನಲ್ಲಿ ಎಡ್ವರ್ಡ್ ಪರ್ಸೆಲ್ ಅವರ ತಂಡಗಳು ಬೈಜಿಕ ಕಾಂತೀಯ ಅನುರಣನವನ್ನು 1946ರಲ್ಲಿ ಪ್ರತ್ಯೇಕವಾಗಿ ವರದಿ ಮಾಡಿದವು. ಇದಕ್ಕಾಗಿ ಇಬ್ಬರಿಗೂ 1952ರ ಭೌತವಿಜ್ಞಾನ ನೊಬೆಲ್ ದೊರೆಯಿತು. ಮೊದಮೊದಲು ಇದು ಭೌತವಿಜ್ಞಾನಿಗಳ ಸ್ವತ್ತಾಗಿತ್ತು. ರಸಾಯನಜ್ಞರ ಗಮನ ಸೆಳೆದದ್ದು 1951ರ ಒಂದು ಪ್ರಯೋಗ. ಸ್ಟ್ಯಾನ್‌ಫರ್ಡಿನಲ್ಲಿ ಜೇಮ್ಸ್ ಆರ್ನಲ್ಡ್, ಎಸ್. ಎಸ್. ಧರ್ಮಟ್ಟಿ ಮತ್ತು ಮಾರ್ಟಿನ್ ಪ್ಯಾಕರ್ಡ್ ಈಥೈಲ್ ಆಲ್ಕೊಹಾಲಿನ ಹೈಡ್ರೋಜನ್ ಸಂಕೇತವು ಒಂದಲ್ಲ, ಮೂರು ಎಂದು ತೋರಿಸಿದರು. ಮೂರರ ವಿಸ್ತೀರ್ಣ ಅಣುವಿನ ಮೂರು ಬಗೆಯ ಹೈಡ್ರೋಜನ್‌ಗಳ ಸಂಖ್ಯೆಗೆ, ಅಂದರೆ 3, 2, 1ಕ್ಕೆ, ಸರಿಹೊಂದಿತ್ತು. ಬೀಜದ ಸಂಕೇತ ಅದರ ರಾಸಾಯನಿಕ ನೆರೆಯನ್ನು ಅವಲಂಬಿಸಿದೆ ಎಂಬುದು ಸಾವಯವ ಸಂಯುಕ್ತವೊಂದರಲ್ಲಿ ಹೀಗೆ ಕಣ್ಣಿಗೆ ಕಂಡಿತು. ಧರ್ಮಟ್ಟಿ ಮುಂದೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ ಸಂಶೋಧನೆಯನ್ನು ಕಟ್ಟಿದರು. ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವಗಳಲ್ಲಿ ಅನುರಣನವನ್ನು ಅಳೆದು ಪ್ರಕಟಿಸಿದರು.

ನೈಸರ್ಗಿಕ ಪ್ರಮಾಣದ ಇಂಗಾಲ-13ರ ರೋಹಿತವನ್ನು ಪಾಲ್ ಲಾಟರ್‌ಬರ್ 1957ರಲ್ಲಿ ಪ್ರಕಟಿಸಿದರು. ದೇಹದ ಒಳಭಾಗವನ್ನು ಚಿತ್ರಿಸುವ ಎಂಆರ್‌ಐ ತಂತ್ರಕ್ಕಾಗಿ 2003ರಲ್ಲಿ ನೊಬೆಲ್ ಪಡೆದ ಲಾಟರ್‌ಬರ್ ಇವರೇ. ಆಗಿನ ವಿಧಾನದಲ್ಲಿ ಆವರ್ತಾಂಕಗಳನ್ನು ಒಂದೊಂದಾಗಿ ದಾಟುತ್ತ ಹೋಗಬೇಕಿತ್ತು. ಶುದ್ಧ ದ್ರವಗಳು ಬೇಕು, ಮಾದರಿ ಬಹಳ ಬೇಕು. 1966ರಲ್ಲಿ ರಿಚರ್ಡ್ ಅರ್ನ್ಸ್ಟ್ ಮತ್ತು ವೆಸ್ಟನ್ ಆಂಡರ್ಸನ್ ಬೇರೆ ದಾರಿ ತೋರಿದರು. ಎಲ್ಲ ಬೀಜಗಳನ್ನೂ ಒಂದೇ ಚಿಕ್ಕ ರೇಡಿಯೊ ತುಡಿತದಿಂದ ಕೆರಳಿಸಿ, ಅವು ತಣಿಯುತ್ತ ಕೊಡುವ ಸಂಕೇತವನ್ನು ದಾಖಲಿಸಿ, ಫೂರಿಯೆ ಪರಿವರ್ತನೆಯೆಂಬ ಗಣಿತದಿಂದ ರೋಹಿತವಾಗಿಸುವುದು ಆ ದಾರಿ. ಒಂದೆರಡು ಸೆಕೆಂಡಿನ ಈ ಕ್ರಿಯೆಯನ್ನು ಸಾವಿರಾರು ಸಲ ಮಾಡಿ ಕೂಡಿಸಬಹುದು. ಸಂಕೇತ ಸಲಗಳ ಸಂಖ್ಯೆಯಷ್ಟೇ ಬೆಳೆಯುತ್ತದೆ, ಗದ್ದಲ ಅದರ ವರ್ಗಮೂಲದಷ್ಟು ಮಾತ್ರ. ನೂರು ಸಲ ಕೂಡಿಸಿದರೆ ಸ್ಪಷ್ಟತೆ ಹತ್ತು ಪಟ್ಟು. ಇಂಗಾಲ-13 ಸಾಮಾನ್ಯ ರಸಾಯನಜ್ಞನ ಕೈಗೆ ಎಟುಕಿದ್ದು ಹೀಗೆ. ಅರ್ನ್ಸ್ಟ್ 1991ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಡೆದರು.

ರಾಸಾಯನಿಕ ಪಲ್ಲಟ

ಬೀಜದ ಸುತ್ತಲಿನ ಎಲೆಕ್ಟ್ರಾನುಗಳು ಹೊರಗಿನ ಕಾಂತಕ್ಷೇತ್ರಕ್ಕೆ ಅಲ್ಪ ಮರೆಯೊಡ್ಡುತ್ತವೆ. ಆ ಮರೆ ಪ್ರತಿ ಇಂಗಾಲಕ್ಕೂ ಬೇರೆಯಾದ್ದರಿಂದ ಅನುರಣನದ ಸ್ಥಾನವೂ ಬೇರೆಯಾಗುತ್ತದೆ. ಟೆಟ್ರಾಮೀಥೈಲ್‌ಸಿಲೇನ್ ಎಂಬ ಸಂಯುಕ್ತದ ಇಂಗಾಲವನ್ನು ಸೊನ್ನೆ ಎಂದಿಟ್ಟುಕೊಂಡು, ಅಲ್ಲಿಂದ ಸರಿದ ದೂರವನ್ನು ಹತ್ತು ಲಕ್ಷಕ್ಕೆ ಇಷ್ಟು ಪಾಲು, ಅಂದರೆ ಪಿಪಿಎಂ, ಎಂದು ಅಳೆಯುತ್ತಾರೆ. ಸಾಮಾನ್ಯ ಹೈಡ್ರೋಜನ್ ರೋಹಿತ 0ರಿಂದ 12 ಪಿಪಿಎಂ ಒಳಗೆ ಮುಗಿಯುತ್ತದೆ. ಇಂಗಾಲದ್ದು 0ರಿಂದ 220ರವರೆಗೆ ಹರಡಿದೆ.

ಕ್ಲೋರಿನ್‌ನಂಥ ಎಲೆಕ್ಟ್ರಾನ್ ಸೆಳೆಯುವ ಪರಮಾಣು ಸೇರಿದಂತೆಲ್ಲ ಸಂಕೇತ ಮೇಲಿನ ಅಂಕಿಗೆ ಸರಿಯುತ್ತದೆ. ಮೀಥೇನ್‌ನದು ಸುಮಾರು -2, ಒಂದು ಕ್ಲೋರಿನ್ ಸೇರಿದರೆ 25, ಎರಡಾದರೆ 54, ಮೂರಾದ ಕ್ಲೋರೊಫಾರ್ಮಿನಲ್ಲಿ 77, ನಾಲ್ಕಾದಾಗ 96. ಎಲ್ಲ ಹ್ಯಾಲೊಜನ್‌ಗಳೂ ಹೀಗೆ ನಡೆದುಕೊಳ್ಳುವುದಿಲ್ಲ. ಭಾರವಾದ ಅಯೊಡಿನ್ ತನ್ನ ದಟ್ಟ ಎಲೆಕ್ಟ್ರಾನ್ ಮೋಡದಿಂದ ಇಂಗಾಲವನ್ನು ಇನ್ನಷ್ಟು ಮರೆಮಾಡುವುದರಿಂದ ಮೀಥೈಲ್ ಅಯೊಡೈಡ್ ಸುಮಾರು -21ರಲ್ಲಿ ಕಾಣುತ್ತದೆ.

ರೋಹಿತ ಓದುವವರು ನೆನಪಿನಲ್ಲಿಟ್ಟುಕೊಳ್ಳುವ ವಲಯಗಳು ಇವು:

- 0–50 ಪಿಪಿಎಂ: ಏಕಬಂಧದ ಸಾದಾ ಇಂಗಾಲಗಳು, ಮೀಥೈಲ್, ಮೀಥಿಲೀನ್ ಗುಂಪುಗಳು.
- 50–90: ಆಕ್ಸಿಜನ್ನಿಗೆ ಅಂಟಿದ ಇಂಗಾಲ, ಆಲ್ಕೊಹಾಲ್, ಈಥರ್, ಸಕ್ಕರೆಗಳು. ತ್ರಿಬಂಧದ ಆಲ್ಕೈನ್‌ಗಳೂ ಇಲ್ಲೇ, 65–90ರ ನಡುವೆ.
- 90–110: ಎರಡು ಆಕ್ಸಿಜನ್‌ಗಳ ನಡುವೆ ಸಿಕ್ಕ ಇಂಗಾಲ, ಸಕ್ಕರೆಗಳ ಮೊದಲ ಇಂಗಾಲ.
- 100–160: ದ್ವಿಬಂಧದ ಇಂಗಾಲ, ಬೆನ್ಜೀನ್ ಉಂಗುರ. ಬೆನ್ಜೀನ್‌ನದೇ ಗೆರೆ 128ರಲ್ಲಿ.
- 160–185: ಆಮ್ಲ, ಎಸ್ಟರ್, ಅಮೈಡ್‌ಗಳ ಕಾರ್ಬೊನಿಲ್.
- 190–220: ಆಲ್ಡಿಹೈಡ್ ಮತ್ತು ಕೀಟೋನ್‌ಗಳ ಕಾರ್ಬೊನಿಲ್. ಅಸಿಟೋನ್‌ನದು 207ರ ಆಸುಪಾಸು.

ಗೆರೆಗಳ ಎಣಿಕೆ ಮತ್ತು ಸಮಮಿತಿ

ಓದಿನ ಮೊದಲ ಹೆಜ್ಜೆ ಎಣಿಕೆ. ಅಣುಸೂತ್ರದಲ್ಲಿರುವ ಇಂಗಾಲಗಳಿಗಿಂತ ಗೆರೆಗಳು ಕಡಿಮೆಯಿದ್ದರೆ, ಅಣುವಿನಲ್ಲಿ ಒಂದರಂತೆ ಇನ್ನೊಂದಿರುವ ಭಾಗಗಳಿವೆ ಎಂದರ್ಥ. ಜೈಲೀನ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಬೆನ್ಜೀನ್ ಉಂಗುರಕ್ಕೆ ಎರಡು ಮೀಥೈಲ್ ಗುಂಪು ಅಂಟಿದ ಈ ಮೂರು ಸಂಯುಕ್ತಗಳಲ್ಲೂ ಇಂಗಾಲ ಎಂಟೇ. ಮೂರರ ಅಣುಭಾರವೂ ಒಂದೇ. ಮೀಥೈಲ್‌ಗಳು ಪಕ್ಕಪಕ್ಕದಲ್ಲಿದ್ದರೆ 4 ಗೆರೆ, ಒಂದು ಬಿಟ್ಟು ಒಂದರಲ್ಲಿದ್ದರೆ 5, ಎದುರುಬದುರಾಗಿದ್ದರೆ 3. ಎಣಿಸಿದರೆ ಸಾಕು, ಯಾವುದು ಯಾವುದೆಂದು ತಿಳಿಯುತ್ತದೆ.

ವಿಯುಗ್ಮನ ಮತ್ತು ಡೆಪ್ಟ್

ಇಂಗಾಲಗಳು ಪರಸ್ಪರ ಸೀಳದಿದ್ದರೂ ಅಂಟಿದ ಹೈಡ್ರೋಜನ್‌ಗಳು ಇಂಗಾಲದ ಗೆರೆಯನ್ನು ಸೀಳುತ್ತವೆ. ಏಕಬಂಧದ ಇಂಗಾಲದಲ್ಲಿ ಈ ಯುಗ್ಮನ ಸುಮಾರು 125 ಹರ್ಟ್ಸ್, ದ್ವಿಬಂಧದ್ದರಲ್ಲಿ 160ರ ಆಸುಪಾಸು, ತ್ರಿಬಂಧದ್ದರಲ್ಲಿ 250. ಸೀಳಿದ ಗೆರೆಗಳು ಮೊದಲೇ ದುರ್ಬಲವಾದ ಸಂಕೇತವನ್ನು ಮತ್ತೆ ಹಂಚಿಬಿಡುತ್ತವೆ. ಆದ್ದರಿಂದ ಇಂಗಾಲವನ್ನು ದಾಖಲಿಸುವಾಗಲೇ ಎಲ್ಲ ಹೈಡ್ರೋಜನ್‌ಗಳನ್ನೂ ಇನ್ನೊಂದು ರೇಡಿಯೊ ಅಲೆಯಿಂದ ಕಲಕಿ ಈ ಯುಗ್ಮನವನ್ನು ಅಳಿಸುತ್ತಾರೆ. ಇದೇ ವಿಯುಗ್ಮನ. ಚೆದುರಿದ ಗೆರೆಗಳು ಒಂದಾಗುತ್ತವೆ. ಜೊತೆಗೆ ಓವರ್‌ಹೌಸರ್ ಪರಿಣಾಮದಿಂದ ಹೈಡ್ರೋಜನ್ ಹೊತ್ತ ಇಂಗಾಲಗಳ ಸಂಕೇತ ಹೆಚ್ಚೆಂದರೆ ಮೂರು ಪಟ್ಟು ಏರುತ್ತದೆ.

ಈ ಲಾಭದ ಜೊತೆ ಒಂದು ನಷ್ಟವೂ ಇದೆ. ಏರಿಕೆ ಎಲ್ಲ ಇಂಗಾಲಗಳಿಗೂ ಸಮನಾಗಿ ದಕ್ಕುವುದಿಲ್ಲ. ಹೈಡ್ರೋಜನ್ ಇಲ್ಲದ ಇಂಗಾಲಗಳು ನಿಧಾನವಾಗಿ ತಣಿಯುವುದರಿಂದ ಅವುಗಳ ಗೆರೆ ಗಿಡ್ಡವಾಗಿಯೇ ಉಳಿಯುತ್ತದೆ. ಹೀಗಾಗಿ ಸಾಮಾನ್ಯ ಇಂಗಾಲ ರೋಹಿತದಲ್ಲಿ ಗೆರೆಯ ಎತ್ತರ ನೋಡಿ ಪರಮಾಣುಗಳ ಸಂಖ್ಯೆ ಹೇಳಲಾಗದು. ಪ್ರಮಾಣ ಬೇಕೆಂದರೆ ಎರಡು ತುಡಿತಗಳ ನಡುವೆ ಸಾಕಷ್ಟು ಹೊತ್ತು ಕಾದು, ಸಂಕೇತ ದಾಖಲಿಸುವಾಗ ಮಾತ್ರ ವಿಯುಗ್ಮನ ನಡೆಸಬೇಕು.

ವಿಯುಗ್ಮನದಲ್ಲಿ ಕಳೆದುಹೋದ ಮಾಹಿತಿಯನ್ನು, ಅಂದರೆ ಯಾವ ಇಂಗಾಲಕ್ಕೆ ಎಷ್ಟು ಹೈಡ್ರೋಜನ್ ಎಂಬುದನ್ನು, ಮರಳಿ ತಂದದ್ದು ಡೆಪ್ಟ್ ಪ್ರಯೋಗ. ಆಸ್ಟ್ರೇಲಿಯಾದ ಡಾಡ್ರೆಲ್, ಪೆಗ್ ಮತ್ತು ಬೆಂಡಲ್ ಇದನ್ನು 1982ರಲ್ಲಿ ಪ್ರಕಟಿಸಿದರು. ಡೆಪ್ಟ್-135 ರೋಹಿತದಲ್ಲಿ ಒಂದು ಅಥವಾ ಮೂರು ಹೈಡ್ರೋಜನ್ ಹೊತ್ತ ಇಂಗಾಲಗಳು ಮೇಲ್ಮುಖವಾಗಿ, ಎರಡು ಹೊತ್ತವು ಕೆಳಮುಖವಾಗಿ ನಿಲ್ಲುತ್ತವೆ. ಹೈಡ್ರೋಜನ್ ಇಲ್ಲದವು ಮಾಯವಾಗುತ್ತವೆ. ಡೆಪ್ಟ್-90ರಲ್ಲಿ ಒಂದೇ ಹೈಡ್ರೋಜನ್ ಹೊತ್ತವು ಮಾತ್ರ ಉಳಿಯುತ್ತವೆ.

ಕರ್ಕ್ಯುಮಿನ್: ಒಂದು ಓದು

ಮಹಾರಾಷ್ಟ್ರದ ಸಾಂಗಲಿ–ಮಿರಜ ಸೀಮೆ ಕೃಷ್ಣಾ, ವಾರಣಾ ನದಿಗಳ ಕಬ್ಬಿನ ನಾಡು. ಸಾಂಗಲಿ ದೇಶದ ದೊಡ್ಡ ಅರಿಶಿನ ಪೇಟೆಗಳಲ್ಲೊಂದು. ಸಾಂಗಲಿ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಈ ಪೇಟೆಗೆ ಬರುವ ಎರಡು ಸರಕುಗಳು, ಅರಿಶಿನ ಮತ್ತು ಸಕ್ಕರೆ, ಇಂಗಾಲ ರೋಹಿತದ ಓದಿಗೆ ಮಾದರಿಗಳಂತಿವೆ.

ಕರ್ಕ್ಯುಮಿನ್ ಅಣುವಿನಲ್ಲಿ 21 ಇಂಗಾಲ, 20 ಹೈಡ್ರೋಜನ್, 6 ಆಕ್ಸಿಜನ್ ಪರಮಾಣುಗಳಿವೆ. ಡೈಮೀಥೈಲ್ ಸಲ್ಫಾಕ್ಸೈಡಿನಲ್ಲಿ ಕರಗಿಸಿ ತೆಗೆದ ರೋಹಿತದಲ್ಲಿ ಕಾಣುವ ಅದರ ಗೆರೆಗಳು 11 ಮಾತ್ರ. ಹತ್ತು ಗೆರೆಗಳು ಎರಡೆರಡು ಇಂಗಾಲಗಳಿಗೆ, ಒಂದು ಒಂಟಿ ಇಂಗಾಲಕ್ಕೆ: ಒಟ್ಟು 21. ಅಣು ನಡುವಿನ ಒಂದು ಇಂಗಾಲದ ಎರಡೂ ಬದಿಗೆ ಸಮನಾಗಿ ಚಾಚಿದೆ ಎಂಬುದು ಎಣಿಕೆಯಿಂದಲೇ ಗೊತ್ತಾಗುತ್ತದೆ.

ಇನ್ನು ಸ್ಥಾನಗಳು. 55.7ರ ಗೆರೆ ಉಂಗುರಕ್ಕೆ ಅಂಟಿದ ಮೀಥಾಕ್ಸಿ ಗುಂಪಿನದು. 149 ಮತ್ತು 148ರ ಆಸುಪಾಸಿನ ಜೋಡಿ ಗೆರೆಗಳು ಉಂಗುರದಲ್ಲಿ ಆಕ್ಸಿಜನ್ ಹೊತ್ತ ನೆರೆಹೊರೆಯ ಇಂಗಾಲಗಳವು. 126, 123, 116, 111 ಉಂಗುರದ ಉಳಿದ ನಾಲ್ಕು. 141 ಮತ್ತು 121 ಉಂಗುರವನ್ನು ನಡುಭಾಗಕ್ಕೆ ಬೆಸೆಯುವ ದ್ವಿಬಂಧದ್ದು. ಉಳಿದ ಎರಡು, 183 ಮತ್ತು 101, ಹೆಚ್ಚು ಮಾತಾಡುತ್ತವೆ. ಪಠ್ಯಪುಸ್ತಕಗಳು ಕರ್ಕ್ಯುಮಿನ್ ಅನ್ನು ಎರಡು ಕೀಟೋನ್‌ಗಳ ನಡುವೆ ಒಂದು ಮೀಥಿಲೀನ್ ಇರುವಂತೆ ಬರೆಯುವುದುಂಟು. ಅದು ನಿಜವಾಗಿದ್ದರೆ ಕಾರ್ಬೊನಿಲ್ 190ರ ಮೇಲೆ, ಮೀಥಿಲೀನ್ 50ರ ಸುತ್ತ, ಡೆಪ್ಟ್‌ನಲ್ಲಿ ಕೆಳಮುಖವಾಗಿ ಕಾಣಬೇಕಿತ್ತು. ಕಾಣುವುದು 101ರಲ್ಲಿ, ಮೇಲ್ಮುಖವಾಗಿ. ಅಂದರೆ ನಡುವಿನ ಇಂಗಾಲಕ್ಕೆ ಇರುವುದು ಒಂದೇ ಹೈಡ್ರೋಜನ್. ಇನ್ನೊಂದು ಹೈಡ್ರೋಜನ್ ಎರಡು ಆಕ್ಸಿಜನ್‌ಗಳ ನಡುವೆ ಬೇಗಬೇಗ ಸ್ಥಾನ ಬದಲಿಸುತ್ತಿದೆ. ದ್ರಾವಣದಲ್ಲಿ ಕರ್ಕ್ಯುಮಿನ್ ಈನಾಲ್ ರೂಪದಲ್ಲಿದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಲುತ್ತದೆ.

ಮಾರುಕಟ್ಟೆಯ ‘ಕರ್ಕ್ಯುಮಿನ್’ ಸಾಮಾನ್ಯವಾಗಿ ಒಂಟಿ ವಸ್ತುವಲ್ಲ. ಒಂದು ಮೀಥಾಕ್ಸಿ ಕಳೆದ ಡಿಮೀಥಾಕ್ಸಿಕರ್ಕ್ಯುಮಿನ್, ಎರಡೂ ಕಳೆದ ಬಿಸ್‌ಡಿಮೀಥಾಕ್ಸಿಕರ್ಕ್ಯುಮಿನ್ ಅದರೊಡನೆ ಬರುತ್ತವೆ. 19 ಇಂಗಾಲಗಳ ಕೊನೆಯ ಸಂಯುಕ್ತದ ರೋಹಿತದಲ್ಲಿ 8 ಗೆರೆಗಳಷ್ಟೇ, 55.7ರಲ್ಲಿ ಏನೂ ಇಲ್ಲ. ಮಾದರಿಯ ರೋಹಿತದಲ್ಲಿ 160 ಮತ್ತು 130ರ ಬಳಿ ಚಿಕ್ಕ ಗೆರೆಗಳು ತಲೆಯೆತ್ತಿದ್ದರೆ ಈ ಸಹಚರರು ಉಳಿದಿದ್ದಾರೆ ಎಂದು ತಿಳಿಯಬೇಕು. ಮೂರನ್ನೂ ಬೇರ್ಪಡಿಸಿ ಅರಿಶಿನದಲ್ಲಿ ಅವುಗಳ ಪ್ರಮಾಣ ಅಳೆಯುವ ಸುಧಾರಿತ ದ್ರವ ವರ್ಣರೇಖನ ವಿಧಾನವನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು.

ಅರಿಶಿನದ ಗಿಡ ಈ ಅಣುವನ್ನು ಕಟ್ಟುವ ಬಗೆಯೂ ಇಂಗಾಲ-13ರಿಂದಲೇ ತಿಳಿದದ್ದು. ಜಪಾನಿನ ಸಂಶೋಧಕರು ಇಂಗಾಲ-13 ತುಂಬಿದ ಕಚ್ಚಾವಸ್ತುಗಳನ್ನು ಅರಿಶಿನಕ್ಕೆ ಉಣಿಸಿ, ಯಾವ ಗೆರೆಗಳು ಎತ್ತರವಾದವು ಎಂದು ನೋಡಿ ಅದರ ಜೈವಿಕ ಸಂಶ್ಲೇಷಣೆಯ ಹಾದಿಯನ್ನು 2008ರಲ್ಲಿ ವಿವರಿಸಿದರು.

ಸಕ್ಕರೆ ಮತ್ತು ಬೆಲ್ಲ

ಕಬ್ಬಿನ ಸಕ್ಕರೆಯಾದ ಸುಕ್ರೋಸ್‌ನಲ್ಲಿ 12 ಇಂಗಾಲಗಳಿವೆ, ಸಮಮಿತಿ ಇಲ್ಲ. ರೋಹಿತದಲ್ಲಿಯೂ 12 ಗೆರೆ. ದ್ರಾವಕವಾಗಿ ಬಳಸುವ ಭಾರಜಲದಲ್ಲಿ ಇಂಗಾಲವೇ ಇಲ್ಲದಿರುವುದರಿಂದ ಬೇರೆ ಗೆರೆ ಅಡ್ಡ ಬರುವುದಿಲ್ಲ. ಅಳತೆಗೋಲಿಗಾಗಿ ಒಂದು ಹನಿ ಮೆಥನಾಲ್ ಹಾಕಿ ಅದರ ಗೆರೆಯನ್ನು 49.5 ಎಂದು ಹಿಡಿಯಬಹುದು. 104.5ರಲ್ಲಿ ಫ್ರಕ್ಟೋಸ್ ಭಾಗದ ಎರಡನೆಯ ಇಂಗಾಲ, 93ರಲ್ಲಿ ಗ್ಲುಕೋಸ್ ಭಾಗದ ಮೊದಲ ಇಂಗಾಲ. ಎರಡೂ ಎರಡೆರಡು ಆಕ್ಸಿಜನ್‌ಗಳ ನಡುವಿನವು, ಎರಡು ಉಂಗುರಗಳನ್ನು ಬೆಸೆಯುವವು. ಉಳಿದ ಹತ್ತು 61 ಮತ್ತು 82ರ ನಡುವೆ. ಡೆಪ್ಟ್-135ರಲ್ಲಿ 104.5 ಮಾಯವಾಗುತ್ತದೆ, 61–63ರ ಮೂರು ಮೀಥಿಲೀನ್ ಗೆರೆಗಳು ಕೆಳಗೆ ತಿರುಗುತ್ತವೆ, ಎಂಟು ಮೇಲೆ ನಿಲ್ಲುತ್ತವೆ.

ಕಬ್ಬು ಕಡಿದು ತಡವಾಗಿ ಅರೆದರೆ, ಅಥವಾ ಪಾಕ ಆಮ್ಲೀಯವಾಗಿದ್ದರೆ, ಸುಕ್ರೋಸ್ ಒಡೆದು ಗ್ಲುಕೋಸ್, ಫ್ರಕ್ಟೋಸ್ ಆಗುತ್ತದೆ. ಅಂಥ ಬೆಲ್ಲ ಗಟ್ಟಿಯಾಗದೆ ಬೆವರುತ್ತದೆ. ರೋಹಿತದಲ್ಲಿ ಇದರ ಗುರುತು 96.7 ಮತ್ತು 99ರ ಬಳಿಯ ಹೊಸ ಗೆರೆಗಳು: ಮೊದಲನೆಯದು ಬೀಟಾ ಗ್ಲುಕೋಸ್‌ನದು, ಎರಡನೆಯದು ಫ್ರಕ್ಟೋಸ್‌ನದು. ಆಲ್ಫಾ ಗ್ಲುಕೋಸ್‌ನ ಗೆರೆ 93ರಲ್ಲಿ ಸುಕ್ರೋಸ್‌ನದರ ಪಕ್ಕಕ್ಕೇ ಬೀಳುವುದರಿಂದ ಅದನ್ನು ನಂಬುವಂತಿಲ್ಲ.

ಘನವಸ್ತುಗಳು

ಕಬ್ಬಿನ ಸಿಪ್ಪೆ, ಮರ, ಕಲ್ಲಿದ್ದಲು ದ್ರಾವಕದಲ್ಲಿ ಕರಗುವುದಿಲ್ಲ. ಘನದಲ್ಲಿ ಅಣುಗಳು ಅಲುಗಾಡದ ಕಾರಣ ಗೆರೆಗಳು ಅಗಲವಾಗಿ ಹರಡುತ್ತವೆ. ಮಾದರಿಯನ್ನು ಕಾಂತಕ್ಷೇತ್ರಕ್ಕೆ 54.7 ಡಿಗ್ರಿ ಓರೆಯಲ್ಲಿ ಸೆಕೆಂಡಿಗೆ ಸಾವಿರಾರು ಸುತ್ತು ತಿರುಗಿಸಿದರೆ ಗೆರೆಗಳು ಕೂಡಿಕೊಳ್ಳುತ್ತವೆ. ಈ ಓರೆಗೆ ಮಾಯಾಕೋನ ಎಂದು ಹೆಸರು. ಹೈಡ್ರೋಜನ್ನಿನ ಕಾಂತತ್ವವನ್ನು ಇಂಗಾಲಕ್ಕೆ ದಾಟಿಸುವ ತಂತ್ರದೊಡನೆ ಇದನ್ನು ಶೇಫರ್ ಮತ್ತು ಸ್ಟೆಯ್ಸ್ಕಲ್ 1976ರಲ್ಲಿ ಜೋಡಿಸಿದರು. ಕಬ್ಬಿನ ಸಿಪ್ಪೆಯ ರೋಹಿತದಲ್ಲಿ 105, 89, 72–75, 65ರ ಸುತ್ತ ಸೆಲ್ಯುಲೋಸ್ ಕಾಣುತ್ತದೆ. 56ರಲ್ಲಿ ಲಿಗ್ನಿನ್‌ನ ಮೀಥಾಕ್ಸಿ ಇದೆ, ಕರ್ಕ್ಯುಮಿನ್‌ನ 55.7ರ ಗೆರೆಯ ಜಾಗದಲ್ಲೇ. ಎರಡರಲ್ಲೂ ಉಂಗುರಕ್ಕೆ ಮೀಥಾಕ್ಸಿ ಅಂಟಿದ ಬಗೆ ಒಂದೇ.

ಎರಡು ಆಯಾಮದ ರೋಹಿತಗಳು

ಗೆರೆಗಳನ್ನು ಎಣಿಸಿ ಹೆಸರಿಟ್ಟ ಮೇಲೂ ಯಾವುದು ಯಾವುದಕ್ಕೆ ಅಂಟಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಎಚ್‌ಎಸ್‌ಕ್ಯೂಸಿ ಪ್ರಯೋಗ ಪ್ರತಿ ಇಂಗಾಲವನ್ನು ಅದರ ಸ್ವಂತ ಹೈಡ್ರೋಜನ್‌ನೊಡನೆ ಜೋಡಿಸುತ್ತದೆ. ಆಡ್ ಬ್ಯಾಕ್ಸ್ ಮತ್ತು ಮೈಕೆಲ್ ಸಮ್ಮರ್ಸ್ 1986ರಲ್ಲಿ ರೂಪಿಸಿದ ಎಚ್‌ಎಂಬಿಸಿ ಎರಡು–ಮೂರು ಬಂಧ ದೂರದ ಇಂಗಾಲಗಳನ್ನೂ ತೋರಿಸುತ್ತದೆ. ಕರ್ಕ್ಯುಮಿನ್‌ನ 149 ಮತ್ತು 148ರಲ್ಲಿ ಮೀಥಾಕ್ಸಿ ಹೊತ್ತದ್ದು ಯಾವುದು? ಎಚ್‌ಎಂಬಿಸಿಯಲ್ಲಿ ಮೀಥಾಕ್ಸಿಯ ಹೈಡ್ರೋಜನ್‌ಗಳು 148ರೊಡನೆ ಚುಕ್ಕೆ ಹಾಕುತ್ತವೆ, ಉಳಿದದ್ದು ಹೈಡ್ರಾಕ್ಸಿಯದು. ಎರಡು ಆಯಾಮದ ಎನ್‌ಎಂಆರ್ ಬೆಳವಣಿಗೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನಿಲ್ ಕುಮಾರ್ ಅವರ ಪಾಲು ದೊಡ್ಡದು. ಪರಮಾಣುಗಳ ನಡುವಿನ ದೂರವನ್ನು ಅಂದಾಜಿಸುವ ನೋಸಿ ಪ್ರಯೋಗವನ್ನು ಪ್ರೋಟೀನಿಗೆ ಅನ್ವಯಿಸಿದ 1980ರ ಪ್ರಬಂಧದಲ್ಲಿ ಅರ್ನ್ಸ್ಟ್ ಮತ್ತು ಕುರ್ಟ್ ವ್ಯೂಥ್ರಿಚ್ ಅವರೊಡನೆ ಅವರ ಹೆಸರೂ ಇದೆ.

ಬೆಳೆಯ ಮೂಲದ ಪತ್ತೆ

ಇಂಗಾಲ-13ರ ಪ್ರಮಾಣ ಎಲ್ಲ ಗಿಡಗಳಲ್ಲೂ ಒಂದೇ ಅಲ್ಲ. ಕಬ್ಬು, ಜೋಳ, ಮೆಕ್ಕೆಜೋಳಗಳ ದ್ಯುತಿಸಂಶ್ಲೇಷಣೆಯ ದಾರಿ ದ್ರಾಕ್ಷಿ, ಭತ್ತ, ಬೀಟ್‌ರೂಟ್‌ಗಳದಕ್ಕಿಂತ ಬೇರೆ. ಅಂತರರಾಷ್ಟ್ರೀಯ ಮಾನಕಕ್ಕೆ ಹೋಲಿಸಿದರೆ ಕಬ್ಬಿನಲ್ಲಿ ಇಂಗಾಲ-13 ಸಾವಿರಕ್ಕೆ ಸುಮಾರು 12 ಪಾಲು ಕಡಿಮೆ, ದ್ರಾಕ್ಷಿಯಂಥವುಗಳಲ್ಲಿ ಸುಮಾರು 27 ಪಾಲು ಕಡಿಮೆ. ದ್ರಾಕ್ಷಾರಸಕ್ಕೆ ಅಥವಾ ಜೇನಿಗೆ ಕಬ್ಬಿನ ಸಕ್ಕರೆ ಬೆರೆಸಿದರೆ ಈ ವ್ಯತ್ಯಾಸ ಅದನ್ನು ಹೊರಗೆಡಹುತ್ತದೆ. ಒಟ್ಟು ಪ್ರಮಾಣವನ್ನು ಸಾಮಾನ್ಯವಾಗಿ ದ್ರವ್ಯರಾಶಿ ರೋಹಿತಮಾಪಕದಿಂದ ಅಳೆಯುತ್ತಾರೆ. ಅಣುವಿನ ಯಾವ ಸ್ಥಾನದಲ್ಲಿ ಎಷ್ಟು ಎಂಬುದನ್ನು ಎನ್‌ಎಂಆರ್ ಹೇಳಬಲ್ಲದು. ಅಕ್ಕಿ ಅಥವಾ ಬೀಟ್‌ನಿಂದ ಮಾಡಿದ ಪಾಕ ಮಾತ್ರ ಒಟ್ಟು ಪ್ರಮಾಣದ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ, ಏಕೆಂದರೆ ಅವೂ ದ್ರಾಕ್ಷಿಯ ಗುಂಪಿನವೇ.

ಗಣನೆ ಮತ್ತು ತಿದ್ದುಪಡಿ

ಊಹಿಸಿದ ರಚನೆಯೊಂದರ ಇಂಗಾಲ ಪಲ್ಲಟಗಳನ್ನು ಈಗ ಕ್ವಾಂಟಂ ಗಣನೆಯಿಂದ ಮೊದಲೇ ಲೆಕ್ಕ ಹಾಕಬಹುದು. ಹೆಕ್ಸಾಸೈಕ್ಲಿನಾಲ್ ಎಂಬ ಶಿಲೀಂಧ್ರಜನ್ಯ ಸಂಯುಕ್ತಕ್ಕೆ 2002ರಲ್ಲಿ ಒಂದು ರಚನೆ ಸೂಚಿಸಲಾಗಿತ್ತು. ಅದರ ಲೆಕ್ಕದ ಪಲ್ಲಟಗಳು ಪ್ರಯೋಗದವುಗಳಿಗೆ ತಾಳೆಯಾಗುವುದಿಲ್ಲವೆಂದು ಸ್ಕಾಟ್ ರಿಚ್‌ನೋವ್‌ಸ್ಕಿ 2006ರಲ್ಲಿ ತೋರಿಸಿ, ಬೇರೆ ರಚನೆ ಮುಂದಿಟ್ಟರು. ಅದೇ ವರ್ಷ ಜಾನ್ ಪೋರ್ಕೊ ಅವರ ತಂಡ ಅದನ್ನು ಸಂಶ್ಲೇಷಿಸಿ ಖಚಿತಪಡಿಸಿತು.

ಮಿತಿಗಳು

ಮಾದರಿ ಹೈಡ್ರೋಜನ್ ರೋಹಿತಕ್ಕಿಂತ ಹೆಚ್ಚು ಬೇಕು, ಕಾಲವೂ ಹೆಚ್ಚು. ಸಂವೇದಕವನ್ನು ಅತಿಶೀತದಲ್ಲಿಟ್ಟು ಗದ್ದಲ ತಗ್ಗಿಸುವ ಯಂತ್ರಗಳು ಈ ಕೊರತೆಯನ್ನು ಭಾಗಶಃ ತುಂಬಿವೆ, ಆದರೆ ಅವು ದುಬಾರಿ. ಕನ್ನಡಿ ಬಿಂಬದಂತಿರುವ ಎರಡು ಅಣುಗಳಿಗೆ ಸಾಮಾನ್ಯ ದ್ರಾವಕದಲ್ಲಿ ಒಂದೇ ರೋಹಿತ. ಇಂಗಾಲವಿಲ್ಲದ್ದು ಕಾಣುವುದೇ ಇಲ್ಲ: ಅರಿಶಿನ ಪುಡಿಯ ಬಣ್ಣ ಏರಿಸಲು ಬೆರೆಸುವ ಅಪಾಯಕಾರಿ ಸೀಸದ ಕ್ರೋಮೇಟ್‌ನಲ್ಲಿ ಇಂಗಾಲವಿಲ್ಲ. ಕಲಬೆರಕೆಯ ಪುಡಿಯಿಂದ ತೆಗೆದ ಕರ್ಕ್ಯುಮಿನ್‌ನ ರೋಹಿತವೂ 11 ಗೆರೆಗಳೊಡನೆ ನಿರ್ದೋಷಿಯಂತೆ ಕಾಣುತ್ತದೆ. ಸೀಸವನ್ನು ಹಿಡಿಯಲು ಧಾತು ವಿಶ್ಲೇಷಣೆಯೇ ಬೇಕು. ಹೊಸ ಸಂಯುಕ್ತದ ರಚನೆ ನಿರ್ಧರಿಸುವವರು ಅಣುಭಾರಕ್ಕೆ ದ್ರವ್ಯರಾಶಿ ರೋಹಿತ, ಕ್ರಿಯಾಗುಂಪುಗಳಿಗೆ ಅವಕೆಂಪು ರೋಹಿತ, ಹೈಡ್ರೋಜನ್‌ಗಳ ಸಂಖ್ಯೆಗೆ ಹೈಡ್ರೋಜನ್ ಎನ್‌ಎಂಆರ್ ನೋಡಿ, ಹಂದರಕ್ಕಾಗಿ ಇಂಗಾಲ-13ರ ಮೊರೆಹೋಗುತ್ತಾರೆ. ನಾಲ್ಕೂ ಒಂದೇ ರಚನೆಯನ್ನು ಹೇಳಿದಾಗ ಮಾತ್ರ ಅದನ್ನು ಒಪ್ಪುವುದು ವಾಡಿಕೆ.